ಎಂಟು ಹಾಕುವಾಗ ಕಾಲೂರಿದವನು

ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್ ಆಗಿದ್ದೆ. ಇಪ್ಪತ್ತು ವರ್ಷ ದಿನವೂ ಸ್ಕೂಟರಿನಲ್ಲೇ ಹೋಗಿಬಂದವನು, ಆದರೆ ಲೈಸೆನ್ಸ್ ಇರಲಿಲ್ಲ. ಮದುವೆಗೆ ಮುಂಚೆ ಒಮ್ಮೆ, ಕಲಿಯುವವರಿಗೆ ಕೊಡುವ ಎಲ್‌ಎಲ್‌ಆರ್ ಮಾಡಿಸಿದ್ದೆ. ಟೆಸ್ಟಿನ ದಿನ ಮಳೆ ಬಂತು, ಆಮೇಲೆ ಸೋಮಾರಿತನ ಬಂತು, ವಿಷಯ ಅಲ್ಲಿಗೇ ನಿಂತಿತು.

ಹೀಗಿರುವಾಗ ಆಫೀಸಿನಿಂದ ಒಂದು ಸುತ್ತೋಲೆ ಬಂತು. ಲೈಸೆನ್ಸ್ ಇಲ್ಲದವರ ಗಾಡಿಯನ್ನು ಒಳಗೆ ಬಿಡಬಾರದು. ಗೇಟಿನಲ್ಲಿ ನಿಂತು ನೋಡುವ ಕೆಲಸ ಮೊದಲ ವಾರ ನನ್ನ ಪಾಲಿಗೇ ಬಂತು. ತಪಾಸಣೆ ಮಾಡುವವನ ಜೇಬನ್ನು ಯಾರು ತಡವುತ್ತಾರೆ? ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಆ ಜಾತಿಯವನು ನಾನು. ಕೈಯಲ್ಲೊಂದು ರಿಜಿಸ್ಟರ್ ಬಂದದ್ದೇ ತಡ, ಗಂಟಲು ಎರಡು ಪಟ್ಟು ದೊಡ್ಡದಾಯಿತು.

ಬೆಳಗಿನ ಆರರ ಶಿಫ್ಟಿಗೆ ಜನ ನುಗ್ಗುವ ಹೊತ್ತು. ಡ್ರಿಲ್ಲಿಂಗ್ ಮಷಿನ್ನಿನ ಆಪರೇಟರ್ ಒಬ್ಬ ಹೊಸದಾಗಿ ಕೊಂಡ ಹಳೇ ಬೈಕಿನಲ್ಲಿ ಬಂದ. ಬಾಗಲಕೋಟೆ ಕಡೆಯವನು, ಮೂವತ್ತು ದಾಟಿದವನು, ಮಾತು ಕಮ್ಮಿ. ಅವನ ಹತ್ತಿರ ಇದ್ದದ್ದು ಎಲ್‌ಎಲ್‌ಆರ್ ಮಾತ್ರ. ಗಾಡಿ ಹೊರಗೆ ಹಾಕು ಅಂದಿದ್ದರೆ ಸಾಕಿತ್ತು. ನಾನು ಎಲ್ಲರಿಗೂ ಕೇಳುವ ಹಾಗೆ, "ಎರಡಕ್ಷರ ಓದಿದ್ರೆ ತಾನೇ ರೂಲ್ಸ್ ಅರ್ಥ ಆಗೋದು. ಊರಲ್ಲಿ ಎತ್ತಿನಗಾಡಿ ಹೊಡ್ಕೊಂಡಿದ್ದೋರಿಗೆಲ್ಲ ಬೈಕ್ ಬೇರೆ ಕೇಡು" ಅಂದುಬಿಟ್ಟೆ. ಸುತ್ತ ನಿಂತವರು ನಕ್ಕರು. ಅವನು ಗಾಡಿ ತಳ್ಳಿಕೊಂಡು ಹೊರಗೆ ಹೋದ. ನನ್ನ ಸ್ಕೂಟರ್ ಒಳಗೆ ನೆರಳಲ್ಲಿ ನಿಂತಿತ್ತು.

ಅದೇ ವಾರ ನಾನೂ ಗುಟ್ಟಾಗಿ ಎಲ್‌ಎಲ್‌ಆರ್ ಮಾಡಿಸಿಕೊಂಡೆ. ತಿಂಗಳು ಕಳೆದು, ನೆಂಟರ ಮನೆ ಗೃಹಪ್ರವೇಶ ಅಂತ ಸುಳ್ಳು ಹೇಳಿ ರಜೆ ಹಾಕಿ, ಟೆಸ್ಟಿನ ಮೈದಾನಕ್ಕೆ ಹೋದೆ. ಸಾಲಿನಲ್ಲಿ ನನ್ನ ಮುಂದೆ ಮೂರನೆಯವನಾಗಿ ಆ ಆಪರೇಟರ್ ನಿಂತಿದ್ದ. ಹಿಂತಿರುಗಿ ನೋಡಿ ನಮಸ್ಕಾರ ಮಾಡಿದ. ನನ್ನ ಕೈಯಲ್ಲಿದ್ದ ಕಾಗದವನ್ನೂ ನೋಡಿದ.

ಅವನು ಬೈಕಿನಲ್ಲಿ ಎಂಟು ಹಾಕಿ, ಒಮ್ಮೆಯೂ ಕಾಲೂರದೆ ಹೊರಗೆ ಬಂದ. ನನ್ನ ಸರದಿ ಬಂತು. ಇಪ್ಪತ್ತು ವರ್ಷ ನಿಧಾನದ ತಿರುವಿನಲ್ಲೆಲ್ಲ ಎಡಗಾಲು ಊರಿಯೇ ಅಭ್ಯಾಸ. ಮೊದಲ ಸುತ್ತಿನಲ್ಲೇ ಅದು ತಾನಾಗಿ ನೆಲಕ್ಕೆ ಇಳಿಯಿತು. ಬ್ರೇಕ್ ಇನ್‌ಸ್ಪೆಕ್ಟರ್ ತಲೆ ಎತ್ತದೆಯೇ, "ಮುಂದಿನ ವಾರ ಬನ್ರೀ ಯಜಮಾನ್ರೇ" ಅಂದರು. ಮೈದಾನದ ತುಂಬ ಜನ ಇದ್ದರು, ಆದರೆ ನನಗೆ ಕಂಡದ್ದು ಅವನೊಬ್ಬನೇ.

ಮರುದಿನ ಕಾರ್ಖಾನೆಯಲ್ಲಿ ಯಾರಾದರೂ ಕಿಸಕ್ಕೆಂದರೆ ಸಾಕು, ನನ್ನ ಬಗ್ಗೆಯೇ ಅನ್ನಿಸುತ್ತಿತ್ತು. ಅವನು ಯಾರಿಗೂ ಹೇಳಿರಲಿಲ್ಲ. ಊಟದ ಹೊತ್ತಿನಲ್ಲಿ ನನ್ನ ಹತ್ತಿರ ಬಂದು, ಶೆಡ್ಡಿನ ಹಿಂದಿನ ಖಾಲಿ ಸೈಟಿನಲ್ಲಿ ಸಂಜೆ ಕಲಿಸಿಕೊಡುತ್ತೇನೆ ಅಂದ. ನನ್ನ ನೆಟ್ಟಗಿನ ಬೆನ್ನು ಬಾಗಲೇಬೇಕಾಯಿತು.

"ಎಷ್ಟು ಕೊಡ್ಬೇಕಪ್ಪಾ?" ಅಂದೆ.

"ರೊಕ್ಕ ಬ್ಯಾಡ್ರಿ ಸರ. ಅವತ್ತ ಗೇಟಿನ್ಯಾಗ ಒಂದು ಮಾತಂದ್ರಿ. ನಾ ಪಿಯುಸಿ ಪಾಸ್ ಅದೀನ್ರಿ. ನನ್ನ ಹೆಂಡ್ತಿ ಅಣ್ಣನೂ ಅಲ್ಲೇ ನಿಂತಿದ್ದ, ಊರ್ತನಕ ಹೋತು ಆ ಮಾತು. ಅದನ್ನ ಹಿಂದ ತಗೋರಿ. ಗೇಟಿನ್ಯಾಗ ನಿಂತು."

"ಪಾಸಾಗ್ಲಿ, ಖಂಡಿತ ಹೇಳ್ತೀನಿ" ಅಂದೆ. ಮಾತು ಕೊಡುವುದಕ್ಕೆ ನಾಲಿಗೆ ಎಷ್ಟು ಸಲೀಸು.

ಐದು ಸಂಜೆ ಕಲಿಸಿದ. ಮಣ್ಣಿನ ಮೇಲೆ ಕೋಲಿನಿಂದ ದೊಡ್ಡ ಎಂಟು ಗೀಚಿದ. ನಾನು ಸುತ್ತುವಾಗ ಪಕ್ಕದಲ್ಲೇ ಓಡುತ್ತಿದ್ದ. "ಗಾಲಿ ನೋಡಬ್ಯಾಡ್ರಿ ಸರ. ಎಲ್ಲಿ ಹೋಗ್ಬೇಕೋ ಅಲ್ಲಿ ನೋಡ್ರಿ. ಕ್ಲಚ್ ಅರ್ಧ ಹಿಡೀರಿ... ಬಂತ್ರಿ ಮತ್ತ ಕಾಲು." ಅರವತ್ತು ಜನರಿಗೆ ನಾನು ಮೇಲಿನವನು, ನನ್ನ ಎಡಗಾಲು ಮಾತ್ರ ನನ್ನ ಮಾತು ಕೇಳುತ್ತಿರಲಿಲ್ಲ. ಅವನು ಒಂದು ಸಲವೂ ನಗಲಿಲ್ಲ. ಒಮ್ಮೆಯಾದರೂ ನಕ್ಕಿದ್ದರೆ ನನಗೆ ಹಗುರಾಗುತ್ತಿತ್ತು, ಲೆಕ್ಕ ಚುಕ್ತಾ ಆಯಿತು ಅಂದುಕೊಳ್ಳಬಹುದಿತ್ತು.

ಎರಡನೇ ಸಲ ಕಾಲೂರದೆ ಪಾಸಾದೆ. ಮನೆಗೆ ಬಂದ ಲೈಸೆನ್ಸಿನ ಜೆರಾಕ್ಸನ್ನು ಗೇಟಿನ ಫೈಲಿನಲ್ಲಿ ಎಲ್ಲಕ್ಕಿಂತ ಕೆಳಗೆ ಸೇರಿಸಿದೆ. ನಾಳೆ ಹೇಳೋಣ, ಸಂಬಳದ ದಿನ ಹೇಳೋಣ ಅಂತ ಎರಡು ತಿಂಗಳು ದೂಡಿದೆ. ಆರು ಗಂಟೆಗೆ ಗೇಟಿನಲ್ಲಿ ಎಲ್ಲರೂ ಇರುತ್ತಿದ್ದರು, ಅವನೂ ಇರುತ್ತಿದ್ದ, ನನ್ನ ಮುಖವನ್ನು ಒಮ್ಮೆ ನೋಡಿ ಒಳಗೆ ಹೋಗುತ್ತಿದ್ದ. ಕೇಳಲಿಲ್ಲ. ಕೇಳುವವನಲ್ಲ ಅಂತ ನನಗೆ ಗೊತ್ತಿತ್ತು, ಅದನ್ನೇ ನೆಚ್ಚಿಕೊಂಡಿದ್ದೆ.

ಕೊನೆಗೆ ಒಂದು ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಲೋಡ್ ಬಂದಿದೆ ಅಂತ ಅವನನ್ನು ಗೇಟಿಗೆ ಕರೆಸಿದೆ. ಲೋಡ್ ಬಂದಿರಲಿಲ್ಲ. ವಾಚ್‌ಮನ್ ಎದುರಿನ ಅಂಗಡಿಗೆ ಟೀ ಕುಡಿಯಲು ಹೋಗಿದ್ದ.

"ಅವತ್ತು ನಾನು ಹಂಗೆ ಅನ್ನಬಾರದಿತ್ತು. ಆ ಮಾತು ವಾಪಸ್ ತಗೊಂಡಿದೀನಿ. ಲೈಸೆನ್ಸ್ ನನ್ ಹತ್ರಾನೂ ಇರಲಿಲ್ಲ. ತಪ್ಪಾಯ್ತು ಕಣಪ್ಪಾ" ಅಂದೆ. ಒಂದೇ ಉಸಿರಿಗೆ, ಮೆಲ್ಲಗೆ.

ಅವನು ರಸ್ತೆ ಕಡೆ ನೋಡಿದ, ಜನರಿಲ್ಲದ ಸೈಕಲ್ ಸ್ಟ್ಯಾಂಡ್ ಕಡೆ ನೋಡಿದ, ಆಮೇಲೆ ನನ್ನ ಕಡೆ ತಿರುಗಿದ.

"ಇಲ್ಲಿ ಯಾರೂ ಇಲ್ಲಲ್ರಿ ಸರ" ಅಂದ.

ಸಿಟ್ಟಿನಿಂದ ಅಂದದ್ದಲ್ಲ. ಅಷ್ಟು ಹೇಳಿ ಮಷಿನ್ನಿಗೆ ಮರಳಿದ. ಮರುದಿನ ಬೆಳಿಗ್ಗೆ ಆರಕ್ಕೆ ಗೇಟಿನಲ್ಲಿ ಎಲ್ಲರೂ ಇದ್ದರು. ನಾನು ಸ್ಕೂಟರ್ ನಿಲ್ಲಿಸದೆ ನೇರ ಒಳಗೆ ಹೋದೆ.