ಟ್ಯಾಮ್ಸಿನ್‌ಗೆ ಬಾರಿಸಿದ ದೊಡ್ಡ ಗಂಟೆ

ಥರ್ಲ್‌ಬರಿ ಪ್ರಭು ಏರಿದ ಒಂದೊಂದು ಮೆಟ್ಟಿಲಿಗೂ ಹ್ಯಾಮ್‌ಕೂಂಬಿನ ಇಗರ್ಜಿಯಲ್ಲಿ ಗಂಟೆ ಬಾರಿಸಿದವನು ಜೇಬೆಜ್ ಪಿನಿಗರ್. ಪ್ರಭು ಇನ್ನೂ ಎಳೆ ಹುಡುಗನಾಗಿದ್ದಾಗಲೇ ಪಾರ್ಲಿಮೆಂಟಿಗೆ ಆಯ್ಕೆಯಾದ. ಆ ಕ್ಷೇತ್ರದಲ್ಲಿ ಮತದಾರರಿಗಿಂತ ಅವರಪ್ಪನ ಬೇಟೆನಾಯಿಗಳೇ ಹೆಚ್ಚು ಎಂದು ಊರವರು ನಗುತ್ತಿದ್ದರು. ಆದರೂ ಜೇಬೆಜ್ ಮತ್ತವನ ಸಂಗಡಿಗರು ಅಂಗೈ ಸುಲಿಯುವಷ್ಟು ಹೊತ್ತು ಹಗ್ಗ ಎಳೆದರು. ಮುಂದೆ ಪ್ರಭುವಿನ ಮದುವೆಗೆ ಎಳೆದರು, ಮಗ ಹುಟ್ಟಿದಾಗ ಎಳೆದರು. ಅಪ್ಪ ತೀರಿಕೊಂಡು ಇವನು ಮೇಲ್ಮನೆ ಸೇರುವ ಹೊತ್ತಿಗೆ ಶೋಕಕ್ಕೂ ಎಳೆದರು, ಸಂಭ್ರಮಕ್ಕೂ ಎಳೆದರು.

ಜೇಬೆಜ್‌ನ ಕಸುಬು ಗಾಡಿಚಕ್ರ ಕಟ್ಟುವುದು. ಗಂಟೆಗೋಪುರದ ಮುಖಂಡತನ ತಂದೆಯಿಂದ ಬಂದದ್ದು. ಅಲ್ಲಿನ ಪದ್ಧತಿ ಊರಿಗೆಲ್ಲ ಗೊತ್ತು: ಸಾವಾದರೆ ಗಂಡಸಿಗೆ ಮೂರರಂತೆ ಮೂರು ಸಲ, ಹೆಂಗಸಿಗೆ ಎರಡರಂತೆ ಮೂರು ಸಲ, ಆಮೇಲೆ ವಯಸ್ಸಿಗೆ ತಕ್ಕಷ್ಟು ಪೆಟ್ಟು. ಹೊಲದಲ್ಲಿದ್ದವರು ಕೆಲಸ ನಿಲ್ಲಿಸಿ ಕಿವಿಗೊಟ್ಟರೆ ಹೋದವರು ಯಾರೆಂಬುದು ಹೆಚ್ಚುಕಡಿಮೆ ತಿಳಿದುಬಿಡುತ್ತಿತ್ತು. ಸಾಮಾನ್ಯರಿಗೆ ಸಣ್ಣ ಗಂಟೆ. ದೊಡ್ಡ ಗಂಟೆ ಪ್ರಭುವಿನ ಮನೆಯವರಿಗೆ ಮಾತ್ರ.

ಜೇಬೆಜ್‌ನ ಅಕ್ಕ ಟ್ಯಾಮ್ಸಿನ್ ಮದುವೆಯಾಗಲಿಲ್ಲ. ಬುದ್ಧಿ ಬಂದಾಗಿನಿಂದ ದೊಡ್ಡಮನೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದಳು. ಪ್ರಭುವಿನ ಕುತ್ತಿಗೆಪಟ್ಟಿಗಳಿಗೆ ಗಂಜಿ ಹಾಕಿ ಇಸ್ತ್ರಿ ಮಾಡುವ ಕೆಲಸವನ್ನು ಅವಳು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಲಂಡನ್ನಿನಲ್ಲಿ ಕೊಳೆಯಾದವು ಕೂಡ ಕುದುರೆಗಾಡಿಯಲ್ಲಿ ಅವಳ ಕೈಗೇ ಬರುತ್ತಿದ್ದವು.

ಅವಳು ಇಸ್ತ್ರಿ ಮಾಡಿದ ಪಟ್ಟಿ ಕಟ್ಟಿಕೊಂಡೇ ಪ್ರಭು ಬಡವರ ಹೊಸ ಕಾನೂನಿನ ಪರ ಭಾಷಣ ಮಾಡಿದ್ದು. ಕೈಲಾಗದವರೆಲ್ಲ ಇನ್ನು ಬಡವರನ್ನು ಕೂಡಿಹಾಕಿ ದುಡಿಸುವ ದುಡಿಮೆಮನೆಗೆ ಸೇರಬೇಕು. ಅಲ್ಲಿ ಸತ್ತವರಿಗೆ ಗಂಟೆಯ ದಂಡದ ಖರ್ಚು ಬೇಡ. "ಸತ್ತವರಿಗೆ ಗಂಟೆ ಕೇಳಿಸುವುದಿಲ್ಲವಲ್ಲ" ಎಂದು ಪ್ರಭು ಹೇಳಿದಾಗ ಸಭೆ ನಕ್ಕಿತಂತೆ. ಕಮ್ಮಾರ ಎಬ್ ಡ್ಯೂಡ್ನಿಯ ಕುಲುಮೆಯಲ್ಲಿ ಯಾರೋ ಪತ್ರಿಕೆ ಓದಿ ಹೇಳಿದರು.

"ಇವ್ರಪ್ಪಂಗೆ ಮಾತ್ರ ಚೆನ್ನಾಗಿ ಕೇಳಿಸ್ತಿತ್ತು ಅಂತ ಕಾಣುತ್ತೆ" ಎಂದ ಎಬ್. "ಅವತ್ತು ನಮ್ಮ ರಟ್ಟೆ ಬಿದ್ದೋಗೋವರ್ಗೂ ಎಳೆಸಿದ್ರಲ್ಲ!"

ಎಲ್ಲರೂ ನಕ್ಕರು. ಜೇಬೆಜ್ ಕೂಡ ನಕ್ಕ.

ಕ್ಷಾರದ ನೀರಿನಲ್ಲಿ ನೆನೆದು ನೆನೆದು ಟ್ಯಾಮ್ಸಿನ್‌ಳ ಬೆರಳುಗಳು ಕೊಕ್ಕೆಯ ಹಾಗೆ ಮಡಚಿಕೊಂಡವು. ಪಟ್ಟಿಯ ಅಂಚು ನೆಟ್ಟಗೆ ಬರುತ್ತಿಲ್ಲವೆಂದು ಪಾರುಪತ್ತೇಗಾರ ಕ್ರೌಚ್ ಅವಳನ್ನು ಬಿಡಿಸಿದ. ಜೇಬೆಜ್ ತನ್ನ ಮನೆಗೆ ಕರೆದುಕೊಂಡರೆ ಅದಕ್ಕೂ ತಡೆ. ಮನೆ ಪ್ರಭುವಿನದು, ಗಂಡ, ಹೆಂಡತಿ, ಮಕ್ಕಳನ್ನು ಬಿಟ್ಟು ಇನ್ನೊಬ್ಬರು ಅಲ್ಲಿ ಇರಕೂಡದು.

"ಅವಳು ನಮ್ಮಕ್ಕ ಸ್ವಾಮಿ" ಎಂದ ಜೇಬೆಜ್.

"ಇವತ್ತು ಅಕ್ಕ, ನಾಳೆ ಚಿಕ್ಕಮ್ಮ" ಎಂದ ಕ್ರೌಚ್. "ನಿನ್ನ ಮನೇನ ಛತ್ರ ಮಾಡೋಕೆ ಒಡೆಯರು ಕೊಟ್ಟಿಲ್ಲ."

ಹೀಗೆ ಅವಳು ದುಡಿಮೆಮನೆ ಸೇರಿದಳು. ನೋಡಲು ಹೋದಾಗಲೆಲ್ಲ ಒಂದೇ ಮಾತು: "ಜೇಬು, ನನ್ನ ಸದ್ದಿಲ್ದೆ ಮಣ್ಣಿಗೆ ಹಾಕೋಕೆ ಬಿಡ್ಬೇಡ ಕಣೋ. ನಾಯಿ ಹೂತಂಗೆ ಹೂಳ್ತಾರೆ ಇಲ್ಲಿ."

"ನಾನಿದ್ದೀನಲ್ಲ" ಎನ್ನುತ್ತಿದ್ದ ಅವನು.

ಪ್ರಭು ಮಂತ್ರಿಯಾಗಿ ಮೊದಲ ಸಲ ಊರಿಗೆ ಬರುವ ದಿನ ಬೆಳಗ್ಗೆ ಸುದ್ದಿ ಬಂತು: ಟ್ಯಾಮ್ಸಿನ್ ತೀರಿಕೊಂಡಳು, ಹೆಣ ಅವತ್ತೇ ಮಣ್ಣಿಗೆ. ಜೇಬೆಜ್ ಪಾದ್ರಿಯ ಬಾಗಿಲಿಗೆ ಓಡಿದ.

"ನಾನೇ ಬಾರಿಸ್ತೀನಿ ಗುರುಗಳೇ, ಯಾರೂ ಏನೂ ಕೊಡೋದು ಬೇಡ."

"ಅದಲ್ಲಪ್ಪ ಪ್ರಶ್ನೆ. ಒಬ್ಬಳಿಗೆ ಬಾರಿಸಿದರೆ ಅಲ್ಲಿ ಸತ್ತವರೆಲ್ಲರ ಕಡೆಯವರೂ ಬಂದು ಕೇಳ್ತಾರೆ. ಅದೂ ಇವತ್ತು! ಮಂತ್ರಿಗಳು ಬರೋ ಹೊತ್ತಲ್ಲಿ ಸಾವಿನ ಗಂಟೆ ಅಂದರೆ ಏನು ಚೆನ್ನಾಗಿರುತ್ತೆ ಹೇಳು?"

ಗೋಪುರದಲ್ಲಿ ಸಂಗಡಿಗರು ಆಗಲೇ ಕೋಟು ಬಿಚ್ಚಿ, ತೋಳು ಮಡಚಿ, ಪ್ರಭುವಿನ ಸ್ವಾಗತಕ್ಕೆ ಸಿದ್ಧರಾಗಿ ನಿಂತಿದ್ದರು. ಜೇಬೆಜ್ ಯಾರ ಮುಖವನ್ನೂ ನೋಡದೆ ದೊಡ್ಡ ಗಂಟೆಯ ಹಗ್ಗ ಹಿಡಿದ.

"ಲೋ, ಅದು ಅವ್ರದ್ದು ಕಣೋ" ಎಂದ ಎಬ್.

"ಕುತ್ತಿಗೆಪಟ್ಟೀನೂ ಅವ್ರದ್ದೇ. ಕೈ ಯಾರ್ದು?"

ಎಬ್ ಹಿಂದೆ ಸರಿದ. ಎರಡು, ಎರಡು, ಎರಡು. ಆಮೇಲೆ ನಿಧಾನವಾಗಿ ಅವಳ ವಯಸ್ಸು.

ದೊಡ್ಡ ಗಂಟೆ, ಹೆಂಗಸು: ಊರು ಮಾಡಿದ ಲೆಕ್ಕ ಅಷ್ಟೇ. ಪ್ರಭುವಿನ ಹೆಂಡತಿ ಹಿಂದಿನ ವಾರವೇ ಲಂಡನ್ನಿನಿಂದ ಬಂದಿದ್ದಳು, ಅವಳಿಗೆ ಕೆಮ್ಮಿದೆ ಎಂಬ ಮಾತೂ ಇತ್ತು. ಅವಳ ವಯಸ್ಸು ಎಷ್ಟೆಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಎಣಿಸಿದವರಿಗೂ ಅನುಮಾನ ಬರಲಿಲ್ಲ. ಅಂಗಡಿಗಳ ಬಾಗಿಲು ಬಿದ್ದವು. ಪ್ರಭುವಿನ ಗಾಡಿಯ ಕುದುರೆ ಬಿಚ್ಚಿ ತಾವೇ ಎಳೆದುಕೊಂಡು ಹೋಗಬೇಕೆಂದು ಊರ ಬಾಗಿಲಲ್ಲಿ ಹಗ್ಗ ಹಿಡಿದು ಕಾದಿದ್ದ ಗಂಡಸರು ಹಗ್ಗ ನೆಲಕ್ಕಿಟ್ಟು ಟೋಪಿ ತೆಗೆದರು.

ಗಾಡಿ ಬಂದದ್ದು ಆಗಲೇ. ಜಯಘೋಷ ನಿರೀಕ್ಷಿಸಿದ್ದ ಪ್ರಭುವಿಗೆ ಕಂಡದ್ದು ಸಾಲಾಗಿ ನಿಂತ ಟೋಪಿಯಿಲ್ಲದ ತಲೆಗಳು, ಕೇಳಿಸಿದ್ದು ತನ್ನ ಮನೆಯ ಗಂಟೆ. ಮುಖ ಸುಣ್ಣವಾಯಿತು. ಗಾಡಿಯಿಂದ ಧುಮುಕಿ ಇಗರ್ಜಿಗೆ ಓಡಿ ಬಂದ. ಮೆಟ್ಟಿಲಿಳಿದು ಬಂದ ಜೇಬೆಜ್‌ನ ತೋಳು ಹಿಡಿದ.

"ಯಾರು? ಹೇಳು, ಯಾರು?"

ಆ ಮುಖ ಕಂಡು ಜೇಬೆಜ್‌ನ ಸಿಟ್ಟು ಒಂದು ಕ್ಷಣ ಇಳಿಯಿತು. ಹೆಂಡತಿಯನ್ನು ಕಳೆದುಕೊಂಡೆನೆಂದು ಹೆದರಿದ ಗಂಡಸು, ಅಷ್ಟೇ. ಮೆಲ್ಲಗೆ ಹೇಳಿದ: "ಅಮ್ಮಾವ್ರಲ್ಲ ಒಡೆಯಾ. ಟ್ಯಾಮ್ಸಿನ್. ನಮ್ಮಕ್ಕ. ನಿಮ್ಮ ಬಟ್ಟೆ ಒಗೀತಿದ್ದೋಳು. ದುಡಿಮೆಮನೇಲಿ ಹೋದ್ಲು."

ಪ್ರಭು ಉಸಿರು ಬಿಟ್ಟ. ಕಂಬಕ್ಕೊರಗಿ ಜೋರಾಗಿ ನಕ್ಕುಬಿಟ್ಟ. "ದೇವರು ದೊಡ್ಡವನು! ಅಷ್ಟೇನಾ?"

ಬೇಲಿಯಾಚೆ ನಿಂತಿದ್ದವರಿಗೆಲ್ಲ ಅದು ಕೇಳಿಸಿತು.

ಜೇಬೆಜ್ ತನ್ನ ತೋಳನ್ನು ಬಿಡಿಸಿಕೊಂಡ. "ಅಷ್ಟೇ ಒಡೆಯಾ" ಎಂದ.

ಹಿಂದೆಯೇ ಬಂದ ಕ್ರೌಚ್ ಹರಿಹಾಯ್ದ: "ಏ ಪಿನಿಗರ್, ಈಗಿಂದೀಗ್ಲೇ ಹತ್ತಿ ಸ್ವಾಗತದ ಗಂಟೆ ಬಾರಿಸು! ಇಲ್ಲಾಂದ್ರೆ ಮನೆ ಖಾಲಿ ಮಾಡು."

"ಖಾಲಿ ಮಾಡ್ತೀನಿ" ಎಂದ ಜೇಬೆಜ್. "ಆದ್ರೆ ಬಾರಿಸಿದ್ದನ್ನ ವಾಪಸ್ ತಗೊಳ್ಳೋಕಾಗಲ್ಲ ಸ್ವಾಮಿ. ಅದಕ್ಕೂ ಒಂದು ಕಾನೂನು ಮಾಡ್ಸಿ. ಹೇಗೂ ಒಡೆಯರು ಮಂತ್ರಿಯಾಗಿದ್ದಾರೆ."

ಗೋಪುರದಿಂದ ಎಬ್ ಇಳಿದು ಬಂದ, ಕೋಟು ಹೆಗಲ ಮೇಲಿತ್ತು. ಉಳಿದವರು ಇಳಿಯಲಿಲ್ಲ, ಅವರಿಗೂ ಮನೆಗಳಿದ್ದವು, ಮಕ್ಕಳಿದ್ದರು. ಇಬ್ಬರಿಲ್ಲದ ಗಂಟೆಸಾಲು ಮುಗ್ಗರಿಸುತ್ತ ಶುರುವಾಯಿತು. ಗಾಡಿ ಎಳೆಯಲು ತಂದ ಹಗ್ಗ ಮಾತ್ರ ರಸ್ತೆಯಲ್ಲೇ ಬಿದ್ದಿತ್ತು, ಎತ್ತಿಕೊಳ್ಳಲು ಒಬ್ಬನೂ ಬಗ್ಗಲಿಲ್ಲ. ಮಂತ್ರಿಯ ಗಾಡಿಯನ್ನು ಕುದುರೆಗಳೇ ಎಳೆದುಕೊಂಡು ಹೋದವು.

ಟ್ಯಾಮ್ಸಿನ್‌ಳನ್ನು ಹೊತ್ತ ದುಡಿಮೆಮನೆಯ ತಳ್ಳುಗಾಡಿ ಎದುರಿನಿಂದ ಬಂದಾಗ ಜೇಬೆಜ್ ಅದರ ಒಂದು ಬದಿಗೆ ಕೈಕೊಟ್ಟ, ಎಬ್ ಇನ್ನೊಂದಕ್ಕೆ. ರಸ್ತೆಯ ಎರಡೂ ಕಡೆ ಊರವರು ಇನ್ನೂ ಟೋಪಿ ಹಾಕಿಕೊಂಡಿರಲಿಲ್ಲ.