ಮರಿಲಿಂಗಮ್ಮನ ಹದಿನಾಲ್ಕು ರೂಪಾಯಿ

ಮರಿಲಿಂಗಮ್ಮ ಕೊಡೇಕಲ್ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಓದು ಬರಹ ಬಾರದು. ಆದರೂ ಇವತ್ತು ನೂರಾ ಎಪ್ಪತ್ತು ಮಕ್ಕಳು ಎಂದರೆ ಎಷ್ಟು ಅಕ್ಕಿ, ಎಷ್ಟು ಬೇಳೆ ಎಂದು ಹೆಡ್ ಮಾಸ್ತರು ಪೆನ್ನು ತೆಗೆಯುವಷ್ಟರಲ್ಲಿ ಹೇಳಿಬಿಡುತ್ತಾಳೆ. ಗಂಡ ತೀರಿಕೊಂಡು ಹದಿಮೂರು ವರ್ಷ. ಆ ಅಡುಗೆಮನೆಯ ದುಡಿಮೆಯಲ್ಲೇ ಮಗಳು ಉಮಾಳನ್ನು ಶಹಾಪುರದಲ್ಲಿಟ್ಟು ನರ್ಸಿಂಗ್ ಓದಿಸಿದಳು. ಲೆಕ್ಕದಲ್ಲಿ ಯಾರಿಗೂ ಸೋತವಳಲ್ಲ. ಅಂಥವಳ ತಲೆ ಕೆಡಿಸಿದ್ದು ಬರೀ ಹದಿನಾಲ್ಕು ರೂಪಾಯಿ.

ಉಮಾಳಿಗೆ ತಾಳಿಕೋಟಿ ಕಡೆಯ ಸಂಬಂಧ ಬಂದಿತ್ತು. ಹುಡುಗ ಶಿವಶರಣ ಯಾದಗಿರಿಯ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದ. ಇಬ್ಬರಿಗೂ ಮನಸ್ಸಾಗಿತ್ತು. ಸೀರೆ, ಊಟ, ತಾರೀಖು ಎಲ್ಲ ಮಾತಾಗಿ ಕೊನೆಗೆ ತೆರದ ವಿಷಯ ಬಂತು. ನಿಶ್ಚಯದ ದಿನ ಗಂಡಿನ ಕಡೆಯವರು ಹೆಣ್ಣಿನ ತಟ್ಟೆಗೆ ಎಣಿಸಿ ಹಾಕುವ ಹಣವೇ ತೆರ. ಅದರಲ್ಲಿ ಇವತ್ತು ಒಂದು ಕಿಲೋ ಟೊಮೆಟೊ ಬಂದರೆ ಹೆಚ್ಚು. ಆದರೆ ಒಂದೊಂದು ಮನೆತನಕ್ಕೆ ಹಿರಿಯರು ಗೊತ್ತು ಮಾಡಿದ ಒಂದು ಅಂಕಿ ಇರುತ್ತದೆ. ಅದನ್ನು ಏರಿಸುವಂತಿಲ್ಲ, ಇಳಿಸುವಂತಿಲ್ಲ.

ಮರಿಲಿಂಗಮ್ಮ ತನ್ನ ಅತ್ತೆ ಹೇಳಿಹೋದಂತೆ ಹದಿನಾಲ್ಕು ಎಂದಳು. ಹುಡುಗನ ದೊಡ್ಡಪ್ಪ ವೆಂಕಪ್ಪ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ.

"ನಮ್ಮ ಮನಿ ಸೊಸ್ತೇರು ಎಲ್ಲಾರೂ ಹನ್ನೆರಡಕ್ಕ ಬಂದಾರ, ಬೀಗತೇರ. ನಿಮ್ಮಾಕಿಗೆ ಎರಡು ಹೆಚ್ಚಿಟ್ರ ಅವರೆಲ್ಲಾ ಕಡಿಮಿಯವ್ರು ಅಂದಂಗ ಆತು."

ಮರಿಲಿಂಗಮ್ಮನ ಭಾವ ಹಣಮಂತ್ರಾಯ ಸುಮ್ಮನೆ ಕೂಡುವ ಮನುಷ್ಯನಲ್ಲ. "ಹನ್ನೆರಡಕ್ಕ ಕೊಟ್ರ ನಮ್ಮ ಹುಡುಗಿನ ಸಂತ್ಯಾಗ ಚೌಕಾಸಿ ಮಾಡಿ ಒಯ್ದಂಗ ಆಗ್ತದ," ಎಂದ.

ಬೀಗರು ಚಹಾ ಕುಡಿದು ಎದ್ದರು. ಸೋಮವಾರ ಮತ್ತೊಮ್ಮೆ ಬರುತ್ತೇವೆ, ಅಂದೂ ಕೂಡದಿದ್ದರೆ ಬೇರೆ ಕಡೆ ಹೆಣ್ಣು ನೋಡುತ್ತೇವೆ ಎಂದು ವೆಂಕಪ್ಪ ಹೇಳಿಹೋದ. ಎರಡು ರೂಪಾಯಿಗೆ ನನ್ನ ಮದುವೆ ನಿಲ್ಲುತ್ತದೇನು ಎಂದು ಉಮಾ ಅತ್ತಳು.

ಹದಿನಾಲ್ಕು ಎಂದರೆ ನಿಜಾಮರ ನಾಣ್ಯವಾದ ಹಾಲಿ ಎಂಬ ರೂಪಾಯಿ ಎಂದು ಹಣಮಂತ್ರಾಯನಿಗೆ ನೆನಪಿತ್ತು. ಆಗ ಗಡಿಯಾಚೆ ತಾಳಿಕೋಟಿ ಕಡೆ ಇಂಗ್ಲಿಷರ ರಾಜ್ಯ, ಅಲ್ಲಿಯ ರೂಪಾಯಿಯೇ ಬೇರೆ. ಅದಕ್ಕಿಂತ ಹಾಲಿ ದೊಡ್ಡದೋ ಚಿಕ್ಕದೋ ಎಂಬುದು ನೆನಪಿರಲಿಲ್ಲ. ಮರಿಲಿಂಗಮ್ಮ ಓಣಿಯ ಮುದುಕಿಯರನ್ನು ಕೇಳಿದಳು. ಒಬ್ಬಳು ಹಾಲಿಯೇ ತೂಕದ್ದು ಎಂದಳು. ಇನ್ನೊಬ್ಬಳು ಹಾಲಿಯನ್ನು ಗಡಿಯಾಚೆ ಯಾರೂ ಮುಟ್ಟುತ್ತಿರಲಿಲ್ಲ ಎಂದಳು. ಎರಡಕ್ಕೂ ಹದಿನಾರೇ ಆಣೆ, ಎರಡೂ ಒಂದೇ ಎಂದು ಮೂರನೆಯವಳು ವಾದಿಸಿದಳು. ಉಮಾ ಮೊಬೈಲಿನಲ್ಲಿ ಹುಡುಕಿದರೆ ಅದು ಡಾಲರಿನ ಬೆಲೆ ತೋರಿಸಿತು. ಆ ವಾರ ಒಂದು ದಿನ ಶಾಲೆಯ ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಕೆಂಭಾವಿ ಸಂತೆಯಲ್ಲಿ ಬಳೆ ಮಾರುವ ಮಸರತಳ ಅಜ್ಜ ಆಗ ಗಡಿಯಲ್ಲಿ ನಾಣ್ಯ ಬದಲಿಸಿಕೊಡುವ ಸರಾಫನಾಗಿದ್ದ ಎಂದು ಯಾರೋ ಹೇಳಿದರು. ಮರಿಲಿಂಗಮ್ಮ ಅಲ್ಲಿಗೇ ಹೋದಳು.

"ಈ ಕಡಿ ಹಾಲಿ, ತಾಳಿಕೋಟಿ ಕಡಿ ಅಂಗ್ರೇಜರ ಕಲ್ದಾರ," ಎಂದಳು ಮಸರತ. "ಆರು ಕಲ್ದಾರ ತಂದವರಿಗೆ ನಮ್ಮ ದಾದಾ ಏಳು ಹಾಲಿ ಎಣಿಸ್ತಿದ್ದ. ಸುಗ್ಗ್ಯಾಗ ಒಂದಾಣೆ ಎರಡಾಣೆ ಹೆಚ್ಚುಕಮ್ಮಿ ಆಗ್ತಿತ್ತಂತ ನೋಡಕ್ಕ."

ಮರಿಲಿಂಗಮ್ಮ ಬಳೆಗಳನ್ನೇ ಹಾಸಿ ಲೆಕ್ಕ ಹಾಕಿದಳು. ಒಂದು ಕಡೆ ಆರು, ಇನ್ನೊಂದು ಕಡೆ ಏಳು. ಮತ್ತೆ ಆರು, ಮತ್ತೆ ಏಳು. ಹನ್ನೆರಡು ಮತ್ತು ಹದಿನಾಲ್ಕು! ಅವರು ಕೊಡುವುದೂ ತಾನು ಕೇಳುವುದೂ ಒಂದೇ ಆಗಿತ್ತು. ನಾಲ್ಕು ಸಲ ಎಣಿಸಿ, ಮಸರತ ಬೈದ ಮೇಲೆ ಎದ್ದಳು.

ಸೋಮವಾರ ಬೀಗರು ಬಂದಾಗ ಇದನ್ನು ಬಿಡಿಸಿ ಹೇಳಿದಳು. ಎಲ್ಲರೂ ಹೌದು ಹೌದು ಎಂದರು. ವೆಂಕಪ್ಪ ಖುಷಿಯಿಂದ ಒಂದು ರೂಪಾಯಿಯ ಹನ್ನೆರಡು ನಾಣ್ಯ ತಟ್ಟೆಗೆ ಹಾಕಿದ. ಹಣಮಂತ್ರಾಯ ಎಣಿಸಿ, ಎರಡು ಕಡಿಮೆ ಎಂದ. ನಮ್ಮ ಕಲ್ದಾರ ಹನ್ನೆರಡೇ ಅಲ್ಲವೇ ಎಂದು ವೆಂಕಪ್ಪ ಕೇಳಿದ. ಆದರೆ ತಟ್ಟೆಯಲ್ಲಿದ್ದದ್ದು ಕಲ್ದಾರವೂ ಅಲ್ಲ, ಹಾಲಿಯೂ ಅಲ್ಲ. ಎರಡೂ ಎಂದೋ ಬಂದ್ ಆಗಿದ್ದವು. ಮಾತು ಮತ್ತೆ ಮೊದಲಿನ ಜಾಗಕ್ಕೆ ಬಂದು ನಿಂತಿತು.

ಮರಿಲಿಂಗಮ್ಮ ಒಳಗೆ ಹೋಗಿ ಡಬ್ಬಿಯಿಂದ ಚಿಲ್ಲರೆ ತಂದಳು. ತಟ್ಟೆಯ ಹನ್ನೆರಡನ್ನು ಬಳಿದು ಸೆರಗಿಗೆ ಕಟ್ಟಿಕೊಂಡಳು. ಅದೇ ತಟ್ಟೆಗೆ ಒಂದೊಂದಾಗಿ ಹದಿನಾಲ್ಕು ಎಣಿಸಿ ಹಾಕಿದಳು.

"ನಿನ್ನ ರೊಕ್ಕ ನೀನೇ ಹಾಕಿದ್ಯಲ್ಲವ್ವ," ಎಂದ ಹಣಮಂತ್ರಾಯ.

"ಗಡ್ಯಾಗ ಸರಾಫ ಯಾರ ರೊಕ್ಕ ಎಣಿಸ್ತಿದ್ದ ಭಾವಾ? ಅವರದು ತಗೊಂಡು ತನ್ನ ರೊಕ್ಕ ಕೊಡ್ತಿದ್ದ. ಇವತ್ತು ನಾ ಸರಾಫ ಅಂತ ತಿಳ್ಕೊರಿ."

ತಪ್ಪು ಎಲ್ಲಿದೆ ಎಂದು ಹಣಮಂತ್ರಾಯ ಹುಡುಕಿದ. ಸಿಗಲಿಲ್ಲ. ಗಂಡಿನವರು ಹನ್ನೆರಡು ಕೊಟ್ಟಿದ್ದರು, ಹೆಣ್ಣಿನ ತಟ್ಟೆಗೆ ಹದಿನಾಲ್ಕು ಬಿದ್ದಿತ್ತು. ಯಾರೋ ಕುಂಕುಮ ತನ್ನಿರಿ ಎಂದರು. ಉಮಾಳನ್ನು ಕರೆದು ಕೂಡಿಸಿದರು.

ಎಲೆ ಹಾಕುವ ಹೊತ್ತಿಗೆ ವೆಂಕಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಬಹಳ ಹೊತ್ತಿನಿಂದ ಏನೋ ಯೋಚಿಸುತ್ತಿದ್ದಂತಿತ್ತು.

"ಹಂಗಾದ್ರ ನಮ್ಮ ಸೊಸ್ತೇರೂ ಹದಿನಾಲ್ಕಕ್ಕ ಬಂದಂಗ ಆತೇನ್ರಿ, ಬೀಗತೇರ?"

ಮರಿಲಿಂಗಮ್ಮ ಸಾರಿನ ಸೌಟು ಹಿಡಿದುಕೊಂಡೇ ಯೋಚಿಸಿದಳು.

"ನನಗೂ ತಿಳೀವಲ್ದು ನೋಡ್ರಿ ಅಣ್ಣಾರ. ಮೊದಲ ಉಣ್ಣಾಕ ಕೂಡ್ರಿ."