ಕಾಯಿಯೊಳಗಿನ ಸಮುದ್ರ

ಮೊನ್ನೆ ಅಟ್ಟ ಗುಡಿಸುವಾಗ ಮೂಲೆಯಲ್ಲಿ ಒಂದು ತೆಂಗಿನಕಾಯಿ ಸಿಕ್ಕಿತು. ವರ್ಷದ ಮೇಲಾಗಿತ್ತೇನೋ ಅಲ್ಲಿ ಬಿದ್ದು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಒಣಗಿದ ಕೊಬ್ಬರಿ ಲೊಟಲೊಟ ಎಂದಿತು. ಅಷ್ಟೇ, ಆ ದಿನವೆಲ್ಲ ನನಗೆ ಒಂದು ಕಡೆ ಕೂರಲಾಗಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಎಪ್ಪತ್ತರ ದಶಕದ ಕೊನೆ. ತುರುವೇಕೆರೆ ಹತ್ತಿರದ ನಮ್ಮೂರಿನ ಶಾಲೆಗೆ ಮೈಸೂರು ಕಡೆಯಿಂದ ಒಬ್ಬರು ಕನ್ನಡ ಮೇಷ್ಟ್ರು ಬಂದಿದ್ದರು. ಮಕ್ಕಳಿಗಾಗಿ ಒಂದು ಕಾದಂಬರಿ ಬರೆಯುತ್ತಿದ್ದರು. ಬರೆದಷ್ಟನ್ನು ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ನಮಗೆ ಓದಿ ಹೇಳುತ್ತಿದ್ದರು. ಅಟ್ಟದ ಮೇಲೆ ಕೊಬ್ಬರಿಗೆಂದು ಇಟ್ಟ ಒಂದು ಕಾಯಿ, ಅದರೊಳಗೆ ಒಂದು ದೇಶ. ಸುತ್ತ ಬಿಳಿ ಬೆಟ್ಟ, ನಡುವೆ ಸಿಹಿನೀರಿನ ಸಮುದ್ರ, ಮೇಲೆ ಸೂರ್ಯನಿಲ್ಲದ ಕಂದು ಆಕಾಶ. ಆಚೆ ದಡದಲ್ಲಿ ಒಬ್ಬ ಹುಡುಗಿ ಸಿಕ್ಕಿಬಿದ್ದಿದ್ದಾಳೆ, ಈಚೆ ದಡದಲ್ಲಿ ಅವಳ ಅಕ್ಕ ದೋಣಿ ಕಟ್ಟುತ್ತಿದ್ದಾಳೆ. ಆ ತಂಗಿ ಪಾರಾಗುತ್ತಾಳೋ ಇಲ್ಲವೋ ಎಂಬ ತಳಮಳಕ್ಕೆ ನಾನು ವಾರವಿಡೀ ನಮ್ಮ ಅಟ್ಟ ಹತ್ತಿ, ಕಾಯಿಗಳನ್ನು ಅಲ್ಲಾಡಿಸಿ ಅಪ್ಪನಿಂದ ಬೈಸಿಕೊಳ್ಳುತ್ತಿದ್ದೆ.

ಒಂದು ಶನಿವಾರ ಕಥೆಯಲ್ಲಿ ಕಾಯಿ ಅಟ್ಟ ಸೇರಿ ವರ್ಷ ತುಂಬಿತು, ದೋಣಿ ಸಿದ್ಧವಾಯಿತು. ಕಾಯಿ ಅಲ್ಲಾಡಿದಾಗಲೆಲ್ಲ ಅಲೆಗಳ ಸದ್ದು ಜೋರಾಗಿ ಕೇಳುತ್ತಿತ್ತು ಎಂದು ಮೇಷ್ಟ್ರು ಓದಿದರು...

ನನ್ನ ಬಾಯಿಗೆ ಬೀಗವಿರಲಿಲ್ಲ. "ಸಾ, ಅದು ಅಲೆ ಅಲ್ಲ ಸಾ! ವರ್ಷ ಆದ್ಮೇಲೆ ನೀರೆಲ್ಲೈತೆ? ಇಂಗೋಗಿರ್ತದೆ. ಲೊಟಲೊಟ ಅನ್ನೋದು ಕೊಬ್ಬರಿ ಸಾ!"

ಇಡೀ ತರಗತಿ ಗೊಳ್ಳೆಂದು ನಕ್ಕಿತು. ಮೇಷ್ಟ್ರೂ ನಕ್ಕರು. "ಹಾಗಾದ್ರೆ ನನ್ನ ದೋಣಿ ಎಲ್ಲಿ ತೇಲ್ಬೇಕಮ್ಮಾ?" ಎಂದು ನೋಟ್‌ಬುಕ್ ಮುಚ್ಚಿಟ್ಟರು. ಮುಂದಿನ ಶನಿವಾರ ವ್ಯಾಕರಣ ಮಾಡಿದರು. ಅದರ ಮುಂದಿನ ಶನಿವಾರವೂ ವ್ಯಾಕರಣವೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನಗಂತೂ ಊಟ ಸೇರಲಿಲ್ಲ. ಬೇಸಿಗೆ ರಜೆ ಹತ್ತಿರವಾದಾಗ ಅವರಿಗೆ ವರ್ಗವಾಯಿತೆಂಬ ಸುದ್ದಿ ಬಂತು.

ಆ ರಜೆಯ ಮೊದಲ ದಿನಗಳಲ್ಲೇ ಅಂಗಳದಲ್ಲಿ ಕಾಯಿ ಸುಲಿದು ಒಡೆಯುತ್ತಿದ್ದ ಅಪ್ಪನ ಮುಂದೆ ಅಟ್ಟದ ಒಂದು ಕಾಯಿ ತಂದಿಟ್ಟು, ಇದನ್ನೂ ಒಡೆಯಪ್ಪ ಎಂದು ಹಟ ಹಿಡಿದೆ. ಅಪ್ಪ ಕುಲುಕಿ ನೋಡಿ ಬದಿಗಿಟ್ಟ.

"ಇನ್ನೂ ನೀರೈತೆ ಕಣವ್ವ. ಪೂರಾ ಇಂಗ್ಲಿ ಬುಡು. ಆಗ್ಲೇ ಕೊಬ್ಬರಿ ಚಿಪ್ಪು ಬುಟ್ಕೊಳ್ಳೋದು."

ಥಟ್ಟನೆ ಎದ್ದು ನಿಂತೆ. ಸಮುದ್ರ ಇಂಗಿದರೆ ದೋಣಿಯೇ ಬೇಡವಲ್ಲ! ಇಷ್ಟು ಸುಲಭದ್ದು ನನಗೆ ಯಾಕೆ ಹೊಳೆದಿರಲಿಲ್ಲ? ಬರಿಗಾಲಲ್ಲಿ ಮೇಷ್ಟ್ರ ಮನೆಗೆ ಓಡಿದೆ. ಬಾಗಿಲಿಗೆ ಬೀಗ. "ಬೆಳಗ್ಗೆ ಬಸ್ಸಿಗೇ ಹೋದ್ರಲ್ಲ ಮಗ" ಎಂದಳು ಪಕ್ಕದ ಮನೆಯ ಅಜ್ಜಿ.

ಆಮೇಲೆ ತಿಪಟೂರಿನ ಅಂಗಡಿಗಳಲ್ಲಿ ಮಕ್ಕಳ ಪುಸ್ತಕ ಕಂಡಲ್ಲೆಲ್ಲ ತಿರುವಿ ನೋಡಿದೆ. ಅಂಥ ಕಥೆ ಯಾವುದರಲ್ಲೂ ಇರಲಿಲ್ಲ. ಮೇಷ್ಟ್ರು ತೀರಿಕೊಂಡು ಬಹಳ ವರ್ಷವಾಯಿತೆಂದು ಹಳೆಯ ಸಹಪಾಠಿ ಈಚೆಗೆ ಹೇಳಿದಳು. ನೋಟ್‌ಬುಕ್ಕಿನ ವಿಷಯ ಅವಳಿಗೂ ಗೊತ್ತಿಲ್ಲ...

ಮೊನ್ನೆಯ ಕಾಯಿಯನ್ನು ಇನ್ನೂ ಒಡೆದಿಲ್ಲ. ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದೇನೆ. ಹೋಗುತ್ತ ಬರುತ್ತ ಅದನ್ನೊಮ್ಮೆ ಅಲ್ಲಾಡಿಸುತ್ತೇನೆ, ಅವರಿಗೆ ಹೇಳಬೇಕಾಗಿದ್ದುದನ್ನು ಅದಕ್ಕೇ ಹೇಳುತ್ತೇನೆ.

ಆ ಹುಡುಗಿ ನಡ್ಕೊಂಡೇ ಬರಬೋದಿತ್ತು ಸಾ.